ರೈಟರಣ್ಣನ ಕಂಬಿ

ಸಭೆಯ ಅಧ್ಯಕ್ಷರೂ ನಮ್ಮ ತೋಟದ ಮಾಲೀಕರೂ ಆದ ಬೊಳ್ಳಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಆರೋಗ್ಯ ಕೇಂದ್ರದ ಡಾಕ್ಟರ್ ದಿಗಂತ್ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ರೈಟರ್ ದೇರಪ್ಪಣ್ಣನವರೇ, ಲೈನ್ ಮನೆಗಳಿಂದ ಬಂದಿರುವ ಅಕ್ಕಂದಿರೇ, ಅಣ್ಣಂದಿರೇ, ಸಭಿಕರೇ,

ನಾನು ಕಾವ್ಯಶ್ರೀ. ಕೆಳಗಿನ ಲೈನಿನ ವಿಶಾಲಾಕ್ಷಮ್ಮನ ಕಿರಿಮಗಳು. ನನಗೆ ಮಾತಾಡಿ ಅಭ್ಯಾಸವಿಲ್ಲ. ಕಾಲೇಜಿನಲ್ಲಿ ಕನ್ನಡ ಎಂ.ಎ. ಮಾಡುವಾಗಲೂ ಕೊನೆಯ ಬೆಂಚಿನಲ್ಲೇ ಕೂತವಳು. ಮ್ಯಾನೇಜರ್ ಆನಂದ್ ಸರ್, "ಎರಡು ಒಳ್ಳೆ ಮಾತಾಡಮ್ಮ, ಸಾಕು. ಜಾಸ್ತಿ ಓದಿದೀನಿ ಅಂತ ತೋರಿಸ್ಬೇಡ," ಎಂದಿದ್ದಾರೆ. ಆ ಎರಡು ಮಾತು ಯಾವುದೆಂದು ಹುಡುಕುತ್ತಲೇ ಇಲ್ಲಿಯವರೆಗೆ ಬಂದೆ.

ದೇರಪ್ಪಣ್ಣನ ಬಗ್ಗೆ ಒಳ್ಳೆಯ ಮಾತಿಗೆ ಬರವೇ? ಹಾಜರಿ ಹಾಕುವಾಗ ಒಬ್ಬರಿಗೂ ಮೋಸ ಮಾಡಿದವರಲ್ಲ. ಆದರೆ ಎಲ್ಲರೂ ಅವರನ್ನು ನೆನೆಯುವುದು ಈ ಕಂಬಿಗಾಗಿ. ಪಲ್ಪರ್ ಮನೆಯ ಪಕ್ಕದ ಹಲಸಿನ ಮರಕ್ಕೆ ನೇತುಹಾಕಿದ್ದ ಈ ರೈಲು ಕಂಬಿಯ ತುಂಡನ್ನು ಇವತ್ತು ತೊಳೆದು, ಹೂಮಾಲೆ ಹಾಕಿ, ವೇದಿಕೆಗೆ ತಂದಿದ್ದಾರೆ. ದೀಪ ಹಚ್ಚುವ ಬದಲು ಮಾಲೀಕರು ಇದನ್ನೇ ಬಾರಿಸಿ ಸಮಾರಂಭ ಶುರು ಮಾಡಿದರು.

ಹೊರಗಿನಿಂದ ಬಂದ ಅತಿಥಿಗಳಿಗಾಗಿ ಹೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ಪಲ್ಪರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರನ್ನು ನಮ್ಮ ತೋಡಿಗೆ, ಅಂದರೆ ಕೆಳಗಿನ ಹಳ್ಳಕ್ಕೆ, ಬಿಡುತ್ತಾರೆ. ತೋಡಿನ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಹುಳಿ ನಾರುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಲೈನಿನಲ್ಲಿರುವ ತೋಟದ ಕೆಲಸದವರು ಕುಡಿಯುವುದು ಅದೇ ತೋಡಿನ ನೀರನ್ನು. ಹಾಗಾಗಿ ನೀರು ಬಿಡುವ ಮುಂಚೆ ದೇರಪ್ಪಣ್ಣ ಎಡೆಬಿಡದೆ ಕಂಬಿ ಹೊಡೆಯುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ಎಂತ ಮಾಡ್ದು, ಬಿಡ್ಬೇಡಿ ಅನ್ಲಿಕ್ಕೆ ನಂಗೆ ಆಗ್ಲಿಕ್ಕಿಲ್ಲ. ಬಿಡ್ತಾರೆ ಅಂತಾದ್ರೂ ಹೇಳ್ತೆ," ಎನ್ನುತ್ತಿದ್ದರು. ಸದ್ದು ಕೇಳಿದ್ದೇ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು, ತೋಡು ಕೆಡುವ ಮುಂಚೆ ನೀರು ತುಂಬಿಕೊಳ್ಳಲು ಬಿಂದಿಗೆ ಹಿಡಿದು ಓಡುತ್ತಿದ್ದರು. ಅಕ್ಕಪಕ್ಕದ ತೋಟದವರಿಗೆ ನಮ್ಮನ್ನು ಕಂಡು ಹೊಟ್ಟೆಕಿಚ್ಚು. ಅವರಿಗೆ ಹೇಳುವವರೂ ಇರಲಿಲ್ಲ.

ನನ್ನ ಅಕ್ಕ ಸೌಮ್ಯ ತಮಾಷೆ ಮಾಡುತ್ತಿದ್ದಳು: "ರೈಟರಣ್ಣ, ನಿಮ್ ಕಂಬಿ ಕೇಳಿ ಕೇಳಿ ನಮ್ಮ ಕೋಳಿಗಳೂ ತೋಡಿನ ಕಡೆ ಓಡ್ತಾವೆ. ನನ್ನ ಮದುವೆಗೂ ನೀವೇ ಹೊಡೀರಿ, ವಾಲಗದ ಖರ್ಚು ಉಳೀತದೆ." ದೇರಪ್ಪಣ್ಣ, "ಮೊದ್ಲು ಹುಡುಗ ಸಿಗ್ಲಿ ಮಾರಾಯ್ತಿ, ಕೈ ನೋವು ಬರೋ ತನಕ ಹೊಡಿತೆ," ಎನ್ನುತ್ತಿದ್ದರು.

ನೀವು ನಕ್ಕಿರಿ. ನಮ್ಮ ಮನೆಯಲ್ಲೂ ನಗುತ್ತಿದ್ದೆವು.

ತುಂಬಿದ ನೀರನ್ನು ನಾವು ಮನೆಯ ಹಿಂದಿನ ಡ್ರಮ್ಮಿನಲ್ಲಿ ಇಡುತ್ತಿದ್ದೆವು. ತೋಡು ತಿಳಿಯಾಗುವಷ್ಟರಲ್ಲಿ ಮತ್ತೆ ಕಂಬಿ. ಹಳೆಯ ನೀರಿನ ಮೇಲೇ ಹೊಸ ನೀರು. ಆ ಡ್ರಮ್ಮನ್ನು ತಳ ಕಾಣುವಂತೆ ಖಾಲಿ ಮಾಡುವ ಧೈರ್ಯ ಯಾರಿಗೆ ತಾನೇ ಬಂದೀತು? ಹೋದ ಕೊಯ್ಲಿನ ಕೊನೆಯಲ್ಲಿ ಅಕ್ಕನಿಗೆ ಜ್ವರ ಬಂತು. ಡೆಂಗಿ ಎಂದರು. ಡಾಕ್ಟರ್ ದಿಗಂತ್ ಅವರಿಗೆ ನೆನಪಿರಬಹುದು, ಅವತ್ತು ನಮ್ಮ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿದವರು ಅವರೇ. ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. "ನೀರು ಮುಚ್ಚಿಡಿ ಅಂತ ಹೇಳಿರಲಿಲ್ವೇನಮ್ಮ?" ಎಂದು ಕೇಳಿದರು. "ಮುಚ್ಚಿದ್ದೆ ಸಾರ್. ನನ್ನ ಒಳ್ಳೆ ಸೀರೆನೇ ಹರಿದು ಮುಚ್ಚಿದ್ದೆ," ಎಂದಳು ಅವ್ವ.

ಸೌಮ್ಯ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಯಾರು ತಪ್ಪು ಮಾಡಿದರು? ದೇರಪ್ಪಣ್ಣ ಒಂದು ದಿನವೂ ಕಂಬಿ ತಪ್ಪಿಸಿದವರಲ್ಲ. ಅವ್ವ ಒಂದು ದಿನವೂ ಬಿಂದಿಗೆ ತಪ್ಪಿಸಿದವಳಲ್ಲ. ಡಾಕ್ಟರು ಬಂದು ಹೇಳಿಹೋಗಿದ್ದರು. ಎಲ್ಲರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ನೀರೂ ತನ್ನ ಪಾಡಿಗೆ ತಾನು ತೋಡಿಗೇ ಹೋಯಿತು. ಮೇಲೆ ಪಲ್ಪರ್ ಮನೆಯ ಹತ್ತಿರವೇ ಒಂದು ಗುಂಡಿ ತೋಡಿ ಆ ನೀರನ್ನು ನಿಲ್ಲಿಸಬಹುದಿತ್ತಲ್ಲ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಕಂಬಿ ಹೊಡೆಯುತ್ತಿತ್ತಲ್ಲ. ಮುಂಚೆಯೇ ಹೇಳಿ ನೀರು ಬಿಡುವವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಕಾರ್ಯಕ್ರಮದ ಆರಂಭದಲ್ಲಿ ಮಾಲೀಕರು ಕಂಬಿ ಬಾರಿಸಿದಾಗ ಏನಾಯಿತೆಂದು ನೀವೆಲ್ಲ ನೋಡಿದಿರಿ. ಹಿಂದಿನ ಸಾಲಿನಲ್ಲಿದ್ದ ಹೆಂಗಸರು ದಡಬಡ ಎದ್ದು ಹೊರಗೆ ಓಡಿದರು. ಸಭೆಗೆ ಸಭೆಯೇ ನಕ್ಕಿತು. "ಅಯ್ಯೋ, ಇವತ್ತು ಭಾನುವಾರ, ಮಿಷನ್ ಇಲ್ಲ!" ಎಂದು ಆನಂದ್ ಸರ್ ಕೂಗಿದ ಮೇಲೆ ಕೆಲವರು ನಾಚಿ ವಾಪಸು ಬಂದು ಕೂತರು. ನನ್ನ ಅವ್ವ ಬರಲಿಲ್ಲ. ಅವಳ ಕುರ್ಚಿ ಇನ್ನೂ ಖಾಲಿಯಿದೆ.

ನಾನು ಮಾತಿಗೆ ನಿಲ್ಲುವ ಮುಂಚೆ ಅಧ್ಯಕ್ಷರು ಒಂದು ಸಿಹಿ ಸುದ್ದಿ ಹೇಳಿದರು. ದೇರಪ್ಪಣ್ಣನ ಜಾಗಕ್ಕೆ ರೈಟರ್ ಆಗಿ ನನ್ನನ್ನು ತೆಗೆದುಕೊಳ್ಳುತ್ತಾರಂತೆ. ಲೈನಿನ ಹುಡುಗಿ ರೈಟರ್ ಆಗುವುದು ಈ ತೋಟದಲ್ಲಿ ಇದೇ ಮೊದಲು. ನೀವು ಚಪ್ಪಾಳೆ ತಟ್ಟಿದಿರಿ, ನಾನೂ ಕೈ ಮುಗಿದೆ. ಈ ಕೆಲಸ ನನಗೆ ಬೇಕು. ಓದು ಮುಗಿಸಿ ಬಂದಾಗಿನಿಂದ ಅವ್ವನ ಕೂಲಿಯಲ್ಲೇ ಉಣ್ಣುತ್ತಿದ್ದೇನೆ. ಹಾಜರಿ ಬರೆಯುತ್ತೇನೆ, ತೂಕ ಬರೆಯುತ್ತೇನೆ, ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ.

ಆದರೆ ಕಂಬಿ ಹೊಡೆಯುವುದು ನನ್ನಿಂದ ಆಗುವುದಿಲ್ಲ. ಅಧ್ಯಕ್ಷರೇ, ದಯವಿಟ್ಟು ಇದನ್ನು ದೇರಪ್ಪಣ್ಣನ ಮನೆಗೆ ಕಳಿಸಿಕೊಡಿ. ಸನ್ಮಾನದ ಶಾಲಿನ ಜೊತೆ ಇದೂ ಅವರಲ್ಲಿರಲಿ. ನಾಳೆ ನೀರು ಬಿಡುವುದಾದರೆ, ಲೈನಿಗೆ ಬಂದು ನನ್ನ ಅವ್ವನಿಗೆ ನೀವೇ ಹೇಳಬೇಕು. ಹೇಳಲು ನಾಲಿಗೆ ಬಾರದಿದ್ದರೆ, ಗುಂಡಿ ತೋಡಿಸಬೇಕು. ಇದರಿಂದ ಕೆಲಸ ತಪ್ಪಿದರೆ ತಪ್ಪಲಿ ಎನ್ನುವಷ್ಟು ಧೈರ್ಯ ನನಗಿಲ್ಲ. ಹೆದರಿಕೆಯಿಂದಲೇ ಹೇಳುತ್ತಿದ್ದೇನೆ.

ಅವ್ವ ಬಾಗಿಲಿಗೆ ಬಂದಿದ್ದಾಳೆ. ಸೀರೆಯ ಅಂಚು ಒದ್ದೆಯಾಗಿದೆ. ಅವ್ವ, ಇವತ್ತು ನೀರು ಬಿಟ್ಟಿಲ್ಲ. ಒಳಗೆ ಬಾ, ಕೂತ್ಕೊ.

ಎರಡು ಮಾತು ಎಂದು ಬಂದವಳ ಇಷ್ಟೊಂದು ಮಾತನ್ನು ತಡೆಯದೆ ಕೇಳಿದಿರಿ. ತಮಗೆಲ್ಲರಿಗೂ ಕೃತಜ್ಞಳು. ದೇರಪ್ಪಣ್ಣ, ನಿಮಗೆ ಬೇರೆಯಾಗಿ, ನನ್ನ ಅಕ್ಕನ ಪರವಾಗಿಯೂ, ನಮಸ್ಕಾರ.