ಮೂವತ್ತನಾಲ್ಕು ಬರಲಿಲ್ಲ

ಮೊದಲೇ ಹೇಳ್ಬಿಡ್ತೀನಿ. ದೊಡ್ಡಪ್ಪನ ಚಪ್ಪಲಿಯೊಳಗೆ ರಬ್ಬರ್ ಹಲ್ಲಿ ಇಟ್ಟಿದ್ದು ನಾನೇ. ಶಾಲೆ ಗಂಟೆಗೆ ಬಟ್ಟೆ ಸುತ್ತಿದ್ದೂ ನಾನೇ. ಆದರೆ ಈಗ ಹೇಳೋದು ಅಂಥದ್ದಲ್ಲ. ಬೇಕಿದ್ದರೆ ಅಣ್ಣನ್ನ ಕೇಳಿ. ಬೇಡ... ಕೇಳ್ಬೇಡಿ. ಕೇಳಿದರೆ ಅವನು ಆ ರಾತ್ರಿ ಮಲಗಲ್ಲ.

ಅಣ್ಣ ಅಂದರೆ ನಮ್ಮ ದೊಡ್ಡಮ್ಮನ ಮಗ. ಆರು ಮಹಡಿ ಆಸ್ಪತ್ರೆಯಲ್ಲಿ ಫೈರ್ ಟೆಕ್ನಿಷಿಯನ್. ಬೆಂಕಿ ಬಿದ್ದಾಗ ಓಡೋನಲ್ಲ. ಬಿದ್ದರೆ ಗಂಟೆ ಹೊಡ್ಕೊಳ್ಳುತ್ತೋ ಇಲ್ಲವೋ ಅಂತ ಮುಂಚೆನೇ ನೋಡಿಡೋನು.

ಆ ರಾತ್ರಿ ಒಂದೂವರೆಗೆ ಕೆಲಸ ಮುಗಿಸಿ ಹಿಂದಿನ ಗೇಟಿನಿಂದ ಮನೆಗೆ ಹೊರಟಿದ್ದ. ಗೇಟಿನಾಚೆ ಒಂದು ಹಳೇ ಬಾವಿ ಇದೆ. ಬೆಂಕಿ ಆರಿಸೋ ನೀರಿಗೆ ಇರಲಿ ಅಂತ ಅದನ್ನ ಮುಚ್ಚಿಸದೆ, ಮೇಲೆ ಕಬ್ಬಿಣದ ಮುಚ್ಚಳ ಹಾಕಿ ಪಂಪು ಕೂರಿಸಿದಾರೆ. ಪಂಪು ನಿಂತಿದ್ದಾಗ ಒಳಗೆ ನೀರು ತೊಟ್ಟಿಕ್ಕೋದು ಕೇಳುತ್ತೆ. ಟಪ್... ಟಪ್... ಅಷ್ಟೇ ಸದ್ದು.

ಅಣ್ಣ ಬಾವಿ ದಾಟಿದ. ಸೊಂಟದಲ್ಲಿದ್ದ ವಾಕಿಟಾಕಿ ಕೆರೆದ ಹಾಗೆ ಸದ್ದು ಮಾಡ್ತು. ಅದನ್ನ ವಾಪಸ್ ಇಟ್ಟು ಬರೋದು ಮರೆತಿದ್ದ.

ಚರ್ರ್ರ್... ಟಿಕ್.

“ಮೂವತ್ತನಾಲ್ಕು... ಬರಲಿಲ್ಲ.”

ಅಣ್ಣ ನಿಂತ.

“ಇಳೀಬೇಡ.”

ಇಲ್ಲಿ ಸ್ವಲ್ಪ ತಡ್ಕೊಳ್ಳಿ. ಇದರಲ್ಲಿ ಹೆದರೋಕೇನಿದೆ ಅಂತೀರಿ. ಹೇಳ್ತೀನಿ.

ತಿಂಗಳಿಗೊಂದು ಸಲ ಆಸ್ಪತ್ರೆಯ ಹೊಗೆ ಡಬ್ಬಿಗಳನ್ನೆಲ್ಲ ಪರೀಕ್ಷೆ ಮಾಡಬೇಕು. ಚಾವಣಿಗೆ ಬೋರಲು ಬಟ್ಟಲಿನ ಹಾಗೆ ಅಂಟ್ಕೊಂಡಿರುತ್ತಲ್ಲ, ಅವು. ಹಗಲು ಜನ ಗಿಜಿಗಿಜಿ ಅಂತಾರೆ, ಅದಕ್ಕೆ ರಾತ್ರಿ. ಒಬ್ಬ ಏಣಿ ಹತ್ತಿ ಡಬ್ಬಿಗೆ ಸುಳ್ಳು ಹೊಗೆ ಸ್ಪ್ರೇ ಹೊಡೆದು, ವಾಕಿಟಾಕಿಯಲ್ಲಿ ಅದರ ನಂಬರು ಹೇಳ್ತಾನೆ. ಇನ್ನೊಬ್ಬ ಕೆಳಗೆ ಪ್ಯಾನಲ್ ರೂಮಲ್ಲಿ ಗಂಟೆ ಬಂದ್ ಮಾಡಿಟ್ಟು ಕೂತು, ಆ ನಂಬರಿನ ದೀಪ ಹತ್ತಿದರೆ “ಬಂತು” ಅಂತಾನೆ.

ಇಪ್ಪತ್ತಾರು ವರ್ಷ ಹಾಗೆ ಕೂತಿದ್ದವರು ಗಂಟೆ ತಾತ. ಬಂತು, ಬರಲಿಲ್ಲ, ಇಷ್ಟೇ ಅವರ ಮಾತು. ಬರದಿದ್ದರೆ “ಇಳೀಬೇಡ”. ಸರಿ ಮಾಡೋವರೆಗೂ ಏಣಿಯಿಂದ ಕಾಲು ಕೆಳಗಿಡೋ ಹಾಗಿಲ್ಲ. ಸರಿಯಾದ ಮೇಲೆ ಅವರೇ “ಇಳಿ” ಅನ್ನಬೇಕು. ಒಂದ್ಸಲ ಅಣ್ಣನ್ನ ಎರಡು ಗಂಟೆ ಏಣಿ ಮೇಲೇ ನಿಲ್ಲಿಸಿದ್ದರಂತೆ. ಇನ್ನೊಂದು ಗಂಟೆ ಬಿಟ್ಟಿದ್ದರೆ ನಾನು ಬಾವಲಿ ಆಗ್ತಿದ್ದೆ ಅಂತ ಅಣ್ಣನೇ ಹೇಳಿ ನಗ್ತಿದ್ದ.

ಗಂಟೆ ತಾತ ಸತ್ತು ಎಂಟು ತಿಂಗಳಾಗಿತ್ತು.

ಅವರ ಕುರ್ಚಿಗೆ ಬಂದವರು ಹೂಂ ಸಾರ್. ನಾನಿಟ್ಟ ಹೆಸರು. ಏನು ಕೇಳಿದರೂ ಹೂಂ. ನಂಬರು ಪೂರ್ತಿ ಹೇಳೋ ಮುಂಚೆನೇ “ಬಂತು”. ಅಣ್ಣ ಒಂದ್ಸಲ ಬೇಕಂತಲೇ “ಏಳುನೂರು” ಅಂದ. ಕಟ್ಟಡದಲ್ಲಿ ಇರೋದೇ ತೊಂಬತ್ತು. “ಬಂತು” ಅಂದರು.

ಅಲ್ಲಿಂದ ಅಣ್ಣನಿಗೂ ಸೋಮಾರಿತನ ಹತ್ತಿಕೊಳ್ತು. ಮೂವತ್ತನಾಲ್ಕು ಇರೋದು ಮೂರನೇ ಮಹಡೀಲಿ, ಹಸುಗೂಸುಗಳ ವಾರ್ಡಿನ ಹಿಂದಿನ ಸಾಮಾನು ಕೋಣೇಲಿ. ಅದಕ್ಕೆ ಸಿಸ್ಟರ್ ಹತ್ತಿರ ಬೀಗದ ಕೈ ಕೇಳಬೇಕು, ಬೆಡ್‌ಶೀಟು ತುಂಬಿದ ಕಪಾಟು ಸರಿಸಬೇಕು. ಯಾರಿಗೆ ಬೇಕು? ಮೂರು ತಿಂಗಳಿಂದ ಕಾರಿಡಾರಲ್ಲೇ ನಿಂತು “ಮೂವತ್ತನಾಲ್ಕು” ಅಂತಿದ್ದ. “ಬಂತು.” ಪುಸ್ತಕದಲ್ಲಿ ಟಿಕ್ಕು. ಆ ರಾತ್ರಿಯೂ ಹಾಗೇ ಮಾಡಿದ್ದ.

ಆ ವಾರ್ಡಲ್ಲೇ ಅವನ ಸ್ವಂತ ತಂಗಿಯ, ಅಂದರೆ ನಮ್ಮಕ್ಕನ ಮಗು ಇತ್ತು. ದಿನ ತುಂಬೋ ಮೊದಲೇ ಹುಟ್ಟಿ ನಾಲ್ಕು ದಿನದಿಂದ ಗಾಜಿನ ಪೆಟ್ಟಿಗೇಲಿತ್ತು.

ಬಾವಿ ಹತ್ತಿರ ನಿಂತು ಅಣ್ಣ ಪಿಸುಗುಟ್ಟಿದ. “ಹೂಂ ಸಾರ್... ಇಷ್ಟು ಹೊತ್ತಲ್ಲಿ ತಮಾಷೆ ಬೇಡ.”

ಟಪ್... ಟಪ್... ಆಮೇಲೆ ಅದೂ ನಿಂತಿತು.

ಚರ್ರ್ರ್... “ಇಳೀಬೇಡ.”

ಅವನಾಗಲೇ ಇಳಿದು ಗೇಟು ದಾಟಿದ್ದ. ತಿರುಗಿ ಓಡಿದ. ಲಿಫ್ಟಿಗೆ ಕಾಯಲಿಲ್ಲ.

ವಾರ್ಡಿನ ಸಿಸ್ಟರ್ ಬಾಯಿಗೆ ಬೆರಳಿಟ್ಟರು. “ಮತ್ತೆ ಯಾಕಪ್ಪಾ ಬಂದೆ? ಈಗಷ್ಟೇ ಮಲಗಿದಾವೆ.”

“ಹಿಂದಿನ ಕೋಣೆ ಬೀಗದ ಕೈ ಕೊಡಿ ಸಿಸ್ಟರ್. ಒಂದು ಬಿಟ್ಟುಹೋಗಿದೆ.”

“ಅದನ್ನ ನೀನು ಕೇಳಿ ಎಷ್ಟು ಕಾಲ ಆಯ್ತು,” ಅಂದರು ಸಿಸ್ಟರ್. ಅವರು ಸುಮ್ಮನೆ ಅಂದಿದ್ದು. ಅಣ್ಣನಿಗೆ ಮಾತ್ರ ಕೆನ್ನೆಗೆ ಬಾರಿಸಿದ ಹಾಗಾಯ್ತು.

ಬಾಗಿಲು ತೆಗೆದ. ಕೀಽಽ... ಕಪಾಟು ಸರಿಸಿ ಏಣಿ ಹಾಕಿ ಹತ್ತಿದ. ತಲೆ ಎತ್ತಿ ನೋಡಿದರೆ, ಹೊಗೆ ಡಬ್ಬಿ ಕಿತ್ತಳೆ ಬಣ್ಣದ ಟೋಪಿ ಹಾಕ್ಕೊಂಡು ಕೂತಿದೆ.

ಗೋಡೆಗೆ ಬಣ್ಣ ಹೊಡೆಯೋವಾಗ ಧೂಳು ಹೋಗದಿರಲಿ ಅಂತ ಇವುಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕ್ತಾರೆ. ಬಣ್ಣ ಆದ ಮೇಲೆ ತೆಗೀಬೇಕು. ಮೂರು ತಿಂಗಳ ಹಿಂದೆ ಅದನ್ನ ಹಾಕಿದ್ದು ಅಣ್ಣನೇ. ಟೋಪಿ ಇದ್ದರೆ ಹೊಗೆ ಒಳಗೆ ಹೋಗಲ್ಲ. ಕೆಳಗೆ ಊರೇ ಉರಿದರೂ ಡಬ್ಬಿಗೆ ಗೊತ್ತಾಗಲ್ಲ. ಮೂರು ತಿಂಗಳು ಡಬ್ಬಿಗೊಂದು ಟೋಪಿ, ವಾರ್ಡಿಗೆಲ್ಲ ಒಂದು ಟೋಪಿ. ಎರಡನ್ನೂ ಹಾಕಿದವನು ಒಬ್ಬನೇ.

ಟೋಪಿ ತಿರುಗಿಸಿದ. ಟಕ್. ಕೈಗೆ ಬಂತು.

ಸ್ಪ್ರೇ ಇನ್ನೂ ಜೇಬಲ್ಲೇ ಇತ್ತು. ಹೊಡೆದೇ ಇರಲಿಲ್ಲ. ಒಂದು... ಎರಡು... ಮೂರು... ಡಬ್ಬಿಯ ಕೆಂಪು ದೀಪ ತಾನಾಗೇ ಹತ್ತಿತು.

ಟಣಣಣಣಣಣ... ಆಸ್ಪತ್ರೆಯಿಡೀ ಗಂಟೆ.

ಅಣ್ಣ ಏಣಿ ಮೇಲಿಂದ ಕೆಳಗೆ ನೋಡಿದ. ಸರಿಸಿದ ಕಪಾಟಿನ ಹಿಂದೆ, ವಾರ್ಡಿನ ಗೋಡೆಗೆ ಒತ್ತಿಕೊಂಡಿದ್ದ ಪ್ಲಗ್ ಬೋರ್ಡು ಬೆಲ್ಲದ ಹಾಗೆ ಕರಗ್ತಿತ್ತು. ಅದರಿಂದ ದಾರದಷ್ಟು ಹೊಗೆ. ಮೇಲೆ ರಾಶಿ ಬಟ್ಟೆ. ಏಣಿಯಿಂದ ಹಾರಿ ಆ ಕೋಣೆಯ ಮೇನ್ ಸ್ವಿಚ್ಚು ಎಳೆದ, ಬೆಂಕಿ ಆರಿಸೋ ಸಿಲಿಂಡರಿನ ಪಿನ್ನು ಕಿತ್ತ. ಫುಸ್ಸ್ಸ್... ಆರಿತು. ಗೋಡೆಯ ಆ ಕಡೆ ಒಂಬತ್ತು ಕೂಸು. ಗೋಡೆಗೆ ಅಂಟಿಕೊಂಡಿದ್ದ ಪೆಟ್ಟಿಗೆ ನಮ್ಮಕ್ಕನ ಮಗುವಿನದು.

ಅಣ್ಣ ಪ್ಯಾನಲ್ ರೂಮಿಗೆ ಓಡಿದ. ಹೊರಗಿಂದ ಬೀಗ. ಹೂಂ ಸಾರ್ ಟೀ ಲೋಟ ಹಿಡ್ಕೊಂಡೇ ಏದುಸಿರು ಬಿಡ್ತಾ ಗೇಟಿನ ಕಡೆಯಿಂದ ಬಂದು ಬೀಗ ತೆಗೆದರು. ಗಂಟೆ ನಿಲ್ಲಿಸಿದ ಮೇಲೆ ಅಣ್ಣ ಮೆಲ್ಲಗೆ ಕೇಳಿದ. “ವಾಕಿಟಾಕೀಲಿ ಮಾತಾಡಿದ್ದು ನೀವಾ?”

ಹೂಂ ಸಾರ್ ಆವತ್ತು ಹೂಂ ಅನ್ನಲಿಲ್ಲ. ಮೇಜಿನ ಕಡೆ ಬೆರಳು ತೋರಿಸಿದರು. ಅವರ ವಾಕಿಟಾಕಿ ಮಗುಚಿ ಬಿದ್ದಿತ್ತು. ಹೊಟ್ಟೆ ಖಾಲಿ. ಬ್ಯಾಟರಿ ಚಾರ್ಜರಲ್ಲಿ.

ಮಾರನೇ ದಿನ ಅಣ್ಣನೇ ಹೋಗಿ ಮೂರು ತಿಂಗಳ ಸುಳ್ಳು ಟಿಕ್ಕಿನ ವಿಷಯ ಸಾಹೇಬ್ರಿಗೆ ಹೇಳಿದ. ಹೊಟ್ಟೆ ತುಂಬ ಬೈಸಿಕೊಂಡ. ಕೆಲಸ ಹೇಗೋ ಉಳೀತು. ನಿದ್ದೆ ಉಳೀಲಿಲ್ಲ. ರಾತ್ರಿ ಮಲಗಿದ್ದಾಗಲೂ ಏಣಿ ಮೇಲೆ ನಿಂತವನ ಹಾಗೆ ಕಾಲು ಬಿಗಿ ಹಿಡ್ಕೊಂಡಿರ್ತಾನೆ ಅಂತ ಅತ್ತಿಗೆ ಹೇಳ್ತಿದ್ದರು. ಏನಾಯ್ತು ಅಂತ ಕೇಳಿದರೆ ಒಂದೇ ಮಾತು.

“ತಾತ ‘ಇಳಿ’ ಅಂದಿಲ್ಲ.”

ಒಂದೂವರೆ ತಿಂಗಳಾಯ್ತು. ಅಕ್ಕ ಮಗು ಎತ್ಕೊಂಡು ಮನೆಗೆ ಬಂದಳು. ಒಂದು ಸಂಜೆ ನಮ್ಮನೆ ನಡುಮನೇಲಿ ಬಲ್ಬು ಹೋಗಿ, ಹಾಕೋಕೆ ಅಣ್ಣ ಏಣಿ ಹತ್ತಿದ. ನಾನು ಬಾಗಿಲ ಹಿಂದೆ ಇದ್ದೆ. ಅಣ್ಣನಿಗೆ ಊಟದ ಡಬ್ಬಿ ಕೊಡೋಕೆ ಆಸ್ಪತ್ರೆಗೆ ಹೋಗ್ತಿದ್ದಾಗಿಂದ ತಾತನ ಹಾಗೆ ದನಿ ತೆಗೆಯೋಕೆ ನನಗೆ ಬರುತ್ತೆ. ಸ್ಟೀಲ್ ಲೋಟ ಬಾಯಿಗಿಟ್ಟುಕೊಂಡು, ಮೂಗು ಹಿಡಿದು, ಅಂದೆ.

“ಇಳಿ.”

ಅಣ್ಣ ಬಲ್ಬು ಹಿಡಿದೇ ಕಲ್ಲಾಗಿ ನಿಂತ. ಸ್ವಲ್ಪ ಹೊತ್ತು... ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಕೊನೇ ಮೆಟ್ಟಿಲ ಮೇಲೆ ಕೂತು, ಚಿಕ್ಕ ಮಗು ಹಾಗೆ ಅತ್ತುಬಿಟ್ಟ. ಹೊರಗೆ ಬಂದೆ. “ಅಣ್ಣಾ... ನಾನೇ ಕಣೋ. ತಪ್ಪಾಯ್ತು.”

ಹೊಡೀತಾನೆ ಅಂತ ಕಣ್ಣು ಮುಚ್ಚಿದ್ದೆ. ಹೊಡೀಲಿಲ್ಲ. ಮುಖ ಒರೆಸಿಕೊಂಡು, ಎಷ್ಟೋ ದಿನದ ಮೇಲೆ ನಕ್ಕ.

“ಗೊತ್ತಾಯ್ತು ಬಿಡೋ ಕಳ್ಳ. ಮೊದಲನೇ ‘ಇಳಿ’ ಥೇಟ್ ನಿನ್ನ ಮೂಗೇ. ಎರಡನೇದು ಮಾತ್ರ... ಅವರ ಹಾಗೇ ಬಂತು.”

ನೀವು ನಂಬಿ, ಬಿಡಿ. ಆ ಮಗುವಿನ ಮೇಲಾಣೆ. ನಾನು ಅಂದಿದ್ದು ಒಂದೇ ಸಲ.