ಒಂದೇ ರಿಂಗ್

"ಹಲೋ... ಹಾಂ, ಹಲೋ... ಯಾರು ಮಾತಾಡ್ತಿರೋದು?... ಓ, ಕೇಶವ್! ದನಿ ಗುರುತೇ ಸಿಗ್ಲಿಲ್ಲ. ನೆಗಡಿನಾ?..."

ವೇದಾ ಮನೆಯ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಹೊರಗೆ ಅಮೆರಿಕದ ಸಮಾಮಿಶ್ ಊರಿನ ಬೀದಿಗಳಲ್ಲಿ ಬಿದ್ದ ಹಿಮ ಹಗಲು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ನೆಲವೆಲ್ಲ ಗಾಜಾಗಿತ್ತು. 2008ರ ಆ ಡಿಸೆಂಬರಿನಲ್ಲಿ ಕಾರು ತೆಗೆಯಲು ಹತ್ತು ಸಲ ಯೋಚಿಸುವವರೇ ಎಲ್ಲರೂ. ಅವಳ ಗಂಡ ಸುಹಾಸನಿಗೆ ಮಾತ್ರ ಓಡುವ ಧೈರ್ಯವಿತ್ತು.

"ಇವ್ರನ್ನ ಕರೀಬೇಕಾ?... ತಮಾಷೆ ಮಾಡ್ಬೇಡಿ, ನಿಮ್ಮನೇಲೇ ಅಲ್ವಾ ಇರೋದು? ಇಬ್ರೂ ಓಡಿ ಮುಗ್ಸಿ, ನಿಮ್ಮ ಭಾನುಮತಿ ಕೈಲಿ ಕಾಫಿ ಮಾಡಿಸ್ಕೊಂಡು ಕೂತಿದೀರಾ ಅಂತ ನಾನಿದೀನಿ... ಬೇಗ ಕಳ್ಸಿ, ರೊಟ್ಟಿ ಆರೋಗುತ್ತೆ..."

ಮೈಸೂರಿನಲ್ಲಿದ್ದಾಗ ಬೀದಿ ತುದಿಯಿಂದ ಹಾಲು ತರಲೂ ಸ್ಕೂಟರ್ ಹತ್ತುತ್ತಿದ್ದ ಮನುಷ್ಯ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಓಟ ಹಿಡಿದ. ಅಗಸ ಹೊಸದರಲ್ಲಿ ಗೋಣಿ ಎತ್ತೆತ್ತಿ ಒಗೆದನಂತೆ, ನಾಲ್ಕು ದಿನ ಕಳೆದರೆ ತಾನೇ ಬಿಡುತ್ತಾನೆ ಎಂದುಕೊಂಡಿದ್ದಳು ವೇದಾ. ಅವನು ಬಿಡಲಿಲ್ಲ. ವಸಂತದ ಮ್ಯಾರಥಾನ್‌ಗೆ ಹೆಸರು ಕೊಟ್ಟ, ಜಾರದಿರಲೆಂದು ಬೂಟಿನ ಅಟ್ಟೆಗೆ ಸಣ್ಣ ಸ್ಕ್ರೂ ಹಾಕಿಕೊಂಡ, ಚಳಿಗೆ ಹೆದರಿ ಮನೆಯಲ್ಲಿ ಕೂತರೆ ಇಷ್ಟು ದಿನ ಬೆವರು ಸುರಿಸಿದ್ದೆಲ್ಲ ನೀರಿನಲ್ಲಿ ಹೋಮ ಎಂದು ವಾದಿಸಿದ. ಜಗಳವಾಡಿ ಜಗಳವಾಡಿ ಕೊನೆಗೆ ಅವಳು ಒಂದು ಷರತ್ತು ಹಾಕಿದಳು. ಮಂಜುಗಡ್ಡೆಯ ಮೇಲೆ ಒಬ್ಬನೇ ಓಡಕೂಡದು, ಗೆಳೆಯ ಕೇಶವ ಜೊತೆಗಿರಲೇಬೇಕು. ಸುಹಾಸ ಅವಳ ತಲೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡಿದ್ದ.

"ಹಾಂ?... ಬಂದಿಲ್ವಾ?... ಓಡೋಕೆ ಬರಲ್ಲ ಅಂತ ನೀವು ನಿನ್ನೇನೇ ಹೇಳಿದ್ರಾ? ಇವ್ರಿಗಾ?... ಇಲ್ಲ ಕೇಶವ್, ನಂಗೇನೂ ಹೇಳ್ಲಿಲ್ಲ. ಕೇಶವ ಕಾಯ್ತಿರ್ತಾನೆ ಅಂತಾನೇ ಹೊರಟಿದ್ದು..."

ಅವಳು ಒಲೆ ಆರಿಸಿದಳು. ಮೊದಲು ಬಂದದ್ದು ಕೋಪ. ಸುಳ್ಳು ಹೇಳಿ ಹೋಗಿದ್ದಾನೆ, ಮನೆಗೆ ಬರಲಿ, ಆ ಬೂಟನ್ನು ಕಸದ ಡಬ್ಬಕ್ಕೆ ಎಸೆಯುತ್ತೇನೆ ಎಂದುಕೊಂಡಳು.

"ಆದ್ರೆ ತಲುಪಿದೆ ಅಂತ ರಿಂಗ್ ಬಂತಲ್ಲ!... ನನ್ ಮೊಬೈಲ್‌ಗೆ. ಒಂದೇ ರಿಂಗು, ಕಟ್ಟಾಯ್ತು. ನಿಮ್ಮನೆ ತಲುಪಿದ್ರೆ ಯಾವಾಗ್ಲೂ ಹಂಗೇ ತಾನೇ ಮಾಡೋದು?... ಇಲ್ಲ, ನಾನೆತ್ತಲಿಲ್ಲ. ಎತ್ತಬಾರ್ದು ಅಂತಾನೇ ಅಲ್ವಾ ಮಿಸ್ಡ್ ಕಾಲ್ ಕೊಡೋದು?..."

ಊರಿನಿಂದ ಕಟ್ಟಿಕೊಂಡು ಬಂದ ಚಾಳಿ ಅದು. ಕರೆಗೆ ಕಾಸು ಬೀಳಬಾರದೆಂದು ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಕ್ಷೇಮವಾಗಿ ತಲುಪಿದೆ ಎಂದರ್ಥ. ಇಲ್ಲಿ ಶನಿವಾರ, ಭಾನುವಾರ ಮೊಬೈಲಿನಲ್ಲಿ ಎಷ್ಟು ಹರಟಿದರೂ ಪುಕ್ಕಟೆ, ಆದರೂ ಗಂಡಹೆಂಡಿರ ನಡುವೆ ಅದು ಹಾಗೇ ಉಳಿದಿತ್ತು. ಬೆಳಿಗ್ಗೆ ಆ ರಿಂಗ್ ಕೇಳಿ, ಹೆಸರು ನೋಡಿ, ಸದ್ಯ ಎಂದು ನಿಟ್ಟುಸಿರು ಬಿಟ್ಟು, ಅವಳು ತನ್ನ ಪಾಡಿಗೆ ಈರುಳ್ಳಿ ಹೆಚ್ಚಿದ್ದಳು.

"ಕೇಶವ್... ನಿಮ್ಮನೆಗೆ ಬಂದೇ ಇಲ್ಲ ಅಂದ್ಮೇಲೆ ಆ ರಿಂಗ್ ಯಾತಕ್ಕೆ?... ಏನು?... ಚಳಿಗೆ ಬ್ಯಾಟರಿ ಸತ್ತಿರುತ್ತೆ ಅಂತೀರಾ? ಅಂದ್ರೆ ಮಾತಾಡೋಕೇ ಮಾಡಿದ್ದು, ಮಧ್ಯದಲ್ಲಿ... ಅಯ್ಯೋ ದೇವ್ರೇ. ನನ್ನ ಕರೀತಿದ್ರು ಅಲ್ವಾ? ಎಲ್ಲೋ ಬಿದ್ದು ನನ್ನ ಕರೀತಿದ್ರು. ನಾನು ತಿರುಗಿ ಮಾಡ್ಲೂ ಇಲ್ಲ..."

ರಿಂಗ್ ಬಂದು ಮೂರು ಗಂಟೆಯ ಮೇಲಾಗಿತ್ತು. ಶನಿವಾರವೆಂದರೆ ಉದ್ದದ ಓಟ, ಓಟ ಮುಗಿದರೆ ಕೇಶವನ ಮನೆಯಲ್ಲಿ ಹರಟೆ, ಹಾಗಾಗಿ ಅವಳು ಗಡಿಯಾರದ ಕಡೆ ನೋಡಿರಲೇ ಇಲ್ಲ. ಹಿಟ್ಟಿನ ಕೈಯಲ್ಲೇ ಮೊಬೈಲ್ ಎತ್ತಿ ಗಂಡನ ನಂಬರ್ ಒತ್ತಿದಳು. ರಿಂಗ್ ಆಗಲಿಲ್ಲ. ಸಂದೇಶ ಬಿಡಿ ಎಂದು ಅವನದೇ ದನಿ ಗೆಲುವಾಗಿ ಹೇಳಿತು. ಅವಳ ಕೋಪವೆಲ್ಲ ಎತ್ತಲೋ ಹೋಯಿತು.

"ಆಫಾಗಿದೆ ಕೇಶವ್... ಹಾಂ, ಭಾನುಮತಿಗೆ ಹೇಳಿ, ಇನ್ನೊಂದ್ ಫೋನಲ್ಲಿ 911 ಮಾಡ್ಲಿ... ಮಾಡ್ತಿದಾಳಾ? ಏನಂತಾರೆ?... ಈ ಐಸಲ್ಲಿ ಆಂಬುಲೆನ್ಸ್ ಗುಡ್ಡ ಹತ್ತೋಕೆ ಹೊತ್ತಾಗುತ್ತಂತಾ? ಎಷ್ಟು ಹೊತ್ತು?... ಗೊತ್ತಿಲ್ಲ ಅಂದ್ರೆ ಹೆಂಗೆ?..."

"ಎಲ್ಲಿ ಅಂದ್ರೆ... ನೀರಿನ ಟ್ಯಾಂಕ್ ಹಿಂದೆ ಕಾಡೊಳಗೆ ಇಳಿಯೋ ದಾರಿ ಇದೆಯಲ್ಲ, ಅಲ್ಲೇ. ರೋಡಲ್ಲಿ ಕಾರು ಜಾರಿ ಮೈಮೇಲೆ ಬರುತ್ವೆ ಅಂತ ಈಗೀಗ ಅಲ್ಲೇ ಓಡೋದು... ಹೌದು, ನಿಮ್ಮನೆ ಹಿಂದೇನೇ. ನೀವೇ ಹೋಗಿ ಕೇಶವ್, ಕೈ ಮುಗೀತೀನಿ. ನಡ್ಕೊಂಡೇ ಹೋಗಿ... ಇಡ್ಬೇಡಿ, ಲೈನಲ್ಲೇ ಇರಿ..."

ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಕೇಶವನ ಏದುಸಿರು, ಕಾಲಡಿ ಹಿಮದ ಗಡ್ಡೆ ಮುರಿಯುವ ಸದ್ದು. ವೇದಾ ಕಿಟಕಿಗೆ ಹಣೆಯಾನಿಸಿ ನಿಂತಳು. ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ಹರಕೆಗೇನು ಎಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ, ಏನು ಕೇಳಿದರೂ ಕೊಡುತ್ತೇನೆ ಎಂದುಬಿಟ್ಟಳು.

"ಟ್ಯಾಂಕ್ ಹತ್ರ ಬಂದ್ರಾ?... ಹೆಜ್ಜೆ ಇದೆಯಾ?... ಹೆಜ್ಜೇಲಿ ಸಣ್ಣ ಸಣ್ಣ ತೂತಾ? ಅದು ಸ್ಕ್ರೂದು, ಇವ್ರದ್ದೇ! ಅದರ ಹಿಂದೇನೇ ಹೋಗಿ... ನಿಧಾನ, ನೀವೂ ಬಿದ್ದೀರಾ... ಹಳ್ಳದ ಕಡೆಗಾ? ಅಲ್ಯಾಕೆ ಹೋದ್ರು?... ಜಾರಿದ ಗುರುತಾ?..."

"ಹೇಳಿ... ಯಾಕ್ ನಿಂತ್ರಿ?... ಕೇಶವ್, ಯಾಕ್ ನಿಂತ್ರಿ ಅಂದೆ... ಕೆಳಗೇನು?... ಹೆಸರು ಹಿಡಿದು ಕೂಗಿ. ಜೋರಾಗಿ ಕೂಗಿ..."

ಕೇಶವ ಕೂಗಿದ. ಫೋನಿನಲ್ಲಿ ಅವಳಿಗೂ ಕೇಳಿಸಿತು. ಮತ್ತೆ ಕೂಗಿದ. ಯಾರೂ ಓಗೊಡಲಿಲ್ಲ.

"ಇನ್ನೊಂದ್ಸಲ... ಹಾಂ? ಜಾಕೆಟ್ಟಾ?... ನೀಲಿ. ಬೆನ್ನ ಮೇಲೆ ಬಿಳಿ ಪಟ್ಟಿ... ಕೆಳಗೆ ಅದೇ ಕಾಣ್ತಿದೆಯಾ?... ಯಾಕ್ ಕೇಳ್ತೀರಿ? ಇವ್ರನ್ನ ನೀವು ನೋಡೇ ಇಲ್ವಾ? ಮುಖ ನೋಡಿದ್ರೆ ಗೊತ್ತಾಗಲ್ವಾ?... ಕೇಶವ್... ಮುಖ ಕಾಣ್ತಿಲ್ವಾ?... ಯಾಕ್ ಕಾಣ್ತಿಲ್ಲ? ಹೇಳಿ, ಮುಖ ಯಾವ್ ಕಡೆ..."

ಲೈನ್ ಕಟ್ಟಾಯಿತು.