ಹೊಸ್ತಿಲಲ್ಲಿ ಕೂತ ಅಪ್ಪ

ಹಿಂದೆ ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹಣವಿದ್ದವರು ಛತ್ರ ಕಟ್ಟಿಸುತ್ತಾರೆ. ಈತ ಮಗಳಿಗೆ ಶಾಸ್ತ್ರ ಓದಿಸಿದ. ಕೊನೆಗೆ ಅವಳು ವಿದ್ವತ್ ಪರೀಕ್ಷೆಗೆ ಕೂರುವ ದಿನ ಬಂತು. ಆ ಸೀಮೆಯಲ್ಲಿ ಅದಕ್ಕೆ ಕೂತ ಮೊದಲ ಹೆಣ್ಣು ಅವಳು. ತೇರ್ಗಡೆಯಾದರೆ ತಾನೇ ಪಾಠ ಹೇಳಬಹುದು. ಇಲ್ಲವಾದರೆ ಇನ್ನೊಬ್ಬಳಿಗೆ ಆ ಅವಕಾಶ ಯಾರು ಕೊಡುತ್ತಾರೆ?

ಪರೀಕ್ಷೆ ಮಾಡುವ ಪಂಡಿತರದು ಒಂದು ಕಟ್ಟಳೆ. ಹೆಣ್ಣಿನೊಡನೆ ನೇರವಾಗಿ ಮಾತನಾಡುವಂತಿಲ್ಲ. ಅವಳು ಬಾಗಿಲ ಹಿಂದೆ, ತಂದೆ ಹೊಸ್ತಿಲಲ್ಲಿ. ಅವಳು ಮೆಲ್ಲಗೆ ಹೇಳಿದ್ದನ್ನು ಆತ ಸಭೆಗೆ ಗಟ್ಟಿಯಾಗಿ ಹೇಳಬೇಕು. ನೋಡಿ, ವಿದ್ಯೆ ಅವಳದು, ದನಿ ಅಪ್ಪನದು.

ಪ್ರಶ್ನೆಗಳು ಬಂದವು, ಉತ್ತರಗಳು ಹೋದವು. “ಯಜಮಾನರೇ, ಈ ವಯಸ್ಸಲ್ಲಿ ನಿಮಗೂ ಶಾಸ್ತ್ರ ಬಂದುಬಿಡ್ತಲ್ಲ” ಎಂದು ಒಬ್ಬರು ನಕ್ಕರು.

ಕಡೆಗೆ ಹಿರಿಯ ಪಂಡಿತರು ಒಂದು ಶ್ಲೋಕ ಓದಿ, ಅದರ ಅರ್ಥ ಹೇಳಿ, “ನಾನು ಹೇಳಿದ ಅರ್ಥ ಸರಿಯೋ ಅಲ್ಲವೋ ಮಗಳನ್ನು ಕೇಳಿ” ಎಂದರು.

ಒಳಗಿಂದ ಮಗಳು, “ಸರಿಯಿಲ್ಲಪ್ಪಾ. ಮುಂದಿನ ಶ್ಲೋಕಕ್ಕೆ ಅದು ಹೊಂದಲ್ಲ” ಎಂದಳು.

ತಂದೆ ಹಿರಿಯ ಪಂಡಿತರ ಮುಖ ನೋಡಿದ. ಇಷ್ಟು ವರ್ಷದ ಓದು ಒಂದು ಮಾತಿಗೆ ಹಾಳಾಗುತ್ತದಲ್ಲ?

“ಸರಿ ಅಂತಾಳೆ” ಎಂದ.

“ಹಾಗಾದರೆ ತೇರ್ಗಡೆ” ಎಂದರು ಪಂಡಿತರು.

ಬಾಗಿಲು ತೆರೆಯಿತು. ಅವಳು ಸಭೆಯ ಎದುರು ಬಂದು ನಿಂತಳು. “ನಾನು ಹಾಗೆ ಹೇಳಲಿಲ್ಲ. ಆ ಅರ್ಥ ಮುಂದಿನ ಶ್ಲೋಕಕ್ಕೆ ಹೊಂದಲ್ಲ ಅಂದೆ.”

“ತೇರ್ಗಡೆ ಆಯ್ತಲ್ಲಮ್ಮ, ಸುಮ್ಮನಿರಬಾರದಾ?” ಎಂದು ತಂದೆ ಗೋಗರೆದ.

“ತೇರ್ಗಡೆ ಆದವರು ನೀವು. ನನ್ನನ್ನ ಇನ್ನೂ ಯಾರೂ ಕೇಳಿಲ್ಲ.”

ಹಿರಿಯ ಪಂಡಿತರು ಆ ಶ್ಲೋಕವನ್ನೂ ಮುಂದಿನದನ್ನೂ ಮತ್ತೊಮ್ಮೆ ಓದಿಕೊಂಡರು. ಆಮೇಲೆ ಅವಳ ಕಡೆ ತಿರುಗಿ, “ಹೇಳು ತಾಯಿ, ಯಾಕೆ ಹೊಂದಲ್ಲ?” ಎಂದರು. ಸಂಜೆಯವರೆಗೆ ವಾದ ನಡೆಯಿತು. ಅವಳ ಅರ್ಥವನ್ನು ಅವರು ಕೊನೆಗೂ ಒಪ್ಪಲಿಲ್ಲ. ವಿದ್ವತ್ ಪದವಿಯನ್ನು ಮಾತ್ರ ಅವಳ ಕೈಗೇ ಕೊಟ್ಟರು.

ಆ ತಂದೆ ಕೆಟ್ಟವನೇ? ಅಲ್ಲ. ಓದಿಸಿದವನು ಅವನೇ. ಪ್ರೀತಿಯಿಂದಲೇ ಅವಳ ಮಾತನ್ನು ಬದಲಿಸಿದ. ನನಗೆ ಭಯವಾಗುವುದು ಆ ಪ್ರೀತಿಯನ್ನು ಕಂಡರೆ. ಏಕೆಂದರೆ ಅದು ನಮ್ಮೆಲ್ಲರ ಮನೆಯಲ್ಲಿದೆ. ಬಂದ ನೆಂಟರು ಮಗಳನ್ನು, “ಏನು ಓದಬೇಕು ಅಂತಿದ್ದೀಯಮ್ಮ?” ಎಂದು ಕೇಳುತ್ತಾರೆ. ಉತ್ತರ ಕೊಡುವವರು ಯಾರು? “ಅವಳಿಗೆ ಟೀಚರ್ ಆಗೋ ಆಸೆ” ಎನ್ನುತ್ತೀರಿ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಒಪ್ಪಿದ್ದಾಳೆ ಎಂದು ನೀವು ತಿಳಿಯುತ್ತೀರಿ.

ಇನ್ನು ಮೇಲೆ ಅವಳನ್ನು ಯಾರಾದರೂ ಏನಾದರೂ ಕೇಳಿದರೆ ನೀವು ಬಾಯಿ ತೆರೆಯಬೇಡಿ. ಅವಳು ತಡವರಿಸಲಿ, ತಡಮಾಡಲಿ. ನೆಂಟರು ಕಾಯಲಿ, ಕಾಫಿ ಆರಲಿ. ಆ ಮೌನ ಅವಳದು. ಅದನ್ನು ನೀವು ತುಂಬಬೇಡಿ.